ಎರಡು ರೂಪಾಯಿ ನಾಣ್ಯಕ್ಕೆ 1,710 ರೂಪಾಯಿ ಬಿಲ್ಲು

ಒಂದು ಭಾನುವಾರ ಬೆಳಿಗ್ಗೆ ಮೈಸೂರಿನ ನಮ್ಮ ಮನೆಯ ವಾಷಿಂಗ್ ಮೆಷಿನ್ ನೀರು ಹೊರಗೆ ಬಿಡದೆ ನಿಂತುಬಿಟ್ಟಿತು. ಗಾಜಿನ ಬಾಗಿಲಿನ ಅರ್ಧದವರೆಗೆ ಸೋಪಿನ ನೀರು, ಒಳಗೆ ಅಪ್ಪನ ಪಂಚೆ, ಬೆಡ್‌ಶೀಟು. ನಾನಿರುವುದು ಬೆಂಗಳೂರಿನಲ್ಲಿ. ಭಾನುವಾರವಾದರೂ ಮಲಗಲಿ ಅಂತ ಅಮ್ಮ ನನಗೆ ಫೋನ್ ಮಾಡಲಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದ ‘ಸರ್ವೀಸ್ ಸೆಂಟರ್’ ನಂಬರಿಗೆ ಮಾಡಿದಳು. ಮಧ್ಯಾಹ್ನದೊಳಗೆ ಒಬ್ಬ ಹುಡುಗ ಬಂದ. ಅಮ್ಮ ಕಾಫಿ ಕೊಟ್ಟಳು.

ಅವನು ಮೆಷಿನ್ನಿನ ಕೆಳಗಿರುವ ಸಣ್ಣ ಮುಚ್ಚಳ ತೆಗೆದು, ತಟ್ಟೆ ಇಟ್ಟು ನೀರು ಬಸಿದು, ಫಿಲ್ಟರ್ ತಿರುಗಿಸಿ ಹೊರಗೆಳೆದ. ಒಂದು ಎರಡು ರೂಪಾಯಿ ನಾಣ್ಯ, ಒಂದು ಹೇರ್‌ಪಿನ್, ಒಂದು ಮುದ್ದೆ ದಾರ. ಮೆಷಿನ್ ಸರಿಹೋಯಿತು. ಆಮೇಲೆ ಬಂದ ಬಿಲ್ಲು: ವಿಸಿಟಿಂಗ್ ಚಾರ್ಜ್ 299, ಇನ್‌ಸ್ಪೆಕ್ಷನ್ 450, ಭಾನುವಾರದ ಚಾರ್ಜ್ 300, ಫಿಲ್ಟರ್ ಸರ್ವೀಸ್ 400, ಇದೆಲ್ಲದರ ಮೇಲೆ ಜಿಎಸ್‌ಟಿ 261. ಒಟ್ಟು 1,710.

ಈ ಬಿಲ್ಲಾದರೂ ಸಿಕ್ಕಿದ್ದು ಅಪ್ಪನ ಪುಣ್ಯ. ಅವರು ಖಜಾನೆ ಇಲಾಖೆಯಲ್ಲಿ ಕೆಲಸ ಮಾಡಿದವರು. ಚೀಟಿ ಇಲ್ಲದೆ ಕಾಸು ಬಿಚ್ಚುವವರಲ್ಲ. ಹುಡುಗ ಬಾಯಲ್ಲೇ ಲೆಕ್ಕ ಹೇಳಿದಾಗ ‘ಬರೆದು ಕೊಡಪ್ಪಾ’ ಅಂದರು. ಅವನು ಕಂಪನಿಯ ಹೆಸರು ಅಚ್ಚಾಗಿದ್ದ ಹಾಳೆಯಲ್ಲಿ ಬರೆದುಕೊಟ್ಟ. ಅಪ್ಪ ಅವನ ನಂಬರಿಗೇ ಯುಪಿಐ ಮಾಡಿದರು. ಸಂಜೆ ಅಮ್ಮ ಮಾತಿನ ನಡುವೆ ಈ ವಿಷಯ ಹೇಳಿದಾಗ ನನ್ನ ಪಿತ್ತ ನೆತ್ತಿಗೇರಿತು.

ಆ ಸಿಟ್ಟಿನಲ್ಲೇ ಫೋನ್ ಮಾಡಿದ್ದು ನನ್ನ ಮೊದಲ ತಪ್ಪು. ‘ಹತ್ತು ನಿಮಿಷದ ಕೆಲಸಕ್ಕೆ 1,700 ರೂಪಾಯಿನಾ?’ ಅಂತ ಕೂಗಾಡಿದೆ. ಆ ಕಡೆಯ ಹುಡುಗಿ ತಣ್ಣಗೆ ಹೇಳಿದಳು: ‘ಸರ್, ನಮ್ಮ ಟೆಕ್ನಿಷಿಯನ್ ಹತ್ತು ನಿಮಿಷದಲ್ಲಿ ಮಾಡ್ತಾನೆ ಅಂದ್ರೆ ಅದು ಅವನ ಅನುಭವ. ನಿಮ್ಮ ತಾಯಿಯವರೇ ಒಪ್ಪಿ ಕೊಟ್ಟಿದ್ದಾರೆ.’ ನನ್ನ ಬಾಯಿ ಕಟ್ಟಿತು. ನಿಜ ಹೇಳಬೇಕೆಂದರೆ ಅವಳ ಮಾತಿನಲ್ಲಿ ಅರ್ಧ ನ್ಯಾಯ ಇತ್ತು. ಕೆಲಸ ಬೇಗ ಮುಗಿಯಿತು ಅನ್ನುವುದು ದುಡ್ಡು ಕಡಿಮೆ ಕೊಡಲು ಕಾರಣ ಆಗುವುದಿಲ್ಲ. ನಾನು ಜಗಳ ಆಡಬೇಕಾಗಿದ್ದದ್ದು ಬೇರೆ ವಿಷಯಕ್ಕೆ: ಬರುವ ಮುಂಚೆ ಎಷ್ಟು ಅಂತ ಹೇಳಿದ್ದಿರಿ?

ಇದು ಹೊಳೆದಿದ್ದು ರಾತ್ರಿ. ಮರುದಿನ ಅಮ್ಮನಿಗೆ ಮೆಸೇಜುಗಳನ್ನು ಹುಡುಕಲು ಹೇಳಿದೆ. ಅಮ್ಮ ಯಾವ ಮೆಸೇಜನ್ನೂ ಅಳಿಸುವುದಿಲ್ಲ, ಓದುವುದೂ ಇಲ್ಲ. ಸಾವಿರಾರು ಮೆಸೇಜುಗಳ ನಡುವೆ ಬುಕಿಂಗ್ ಮೆಸೇಜು ಸಿಕ್ಕಿತು. ‘ವಿಸಿಟಿಂಗ್ ಚಾರ್ಜ್ ರೂ. 299’ ಅಷ್ಟೇ. ಇನ್‌ಸ್ಪೆಕ್ಷನ್ ಇಲ್ಲ, ಭಾನುವಾರ ಇಲ್ಲ. ಬುಕ್ ಮಾಡಿದ್ದು ಭಾನುವಾರವೇ, ಬಂದದ್ದೂ ಭಾನುವಾರವೇ. ಅವರಿಗೆ ವಾರ ಗೊತ್ತಿರಲಿಲ್ಲವೇ? ಅಲ್ಲದೆ, ವಿಸಿಟಿಂಗ್ ಅಂದರೆ ಬಂದು ನೋಡುವುದು ತಾನೆ. ಬಂದದ್ದಕ್ಕೆ 299, ಬಂದಮೇಲೆ ನೋಡಿದ್ದಕ್ಕೆ ಮತ್ತೆ 450 ಅಂದರೆ ಏನರ್ಥ?

ಇನ್ನೊಂದು ವಿಷಯ ಬಿಲ್ಲಿನಲ್ಲೇ ಇತ್ತು. ಜಿಎಸ್‌ಟಿ ಹಾಕಿದ್ದಾರೆ, ಆದರೆ ಜಿಎಸ್‌ಟಿ ನಂಬರ್ ಎಲ್ಲೂ ಇಲ್ಲ. ಆ ತೆರಿಗೆ ವಸೂಲಿ ಮಾಡುವವರು ನೋಂದಣಿ ಆಗಿರಬೇಕು, ಬಿಲ್ಲಿನಲ್ಲಿ 15 ಅಕ್ಷರಗಳ ನಂಬರ್ ಇರಬೇಕು. ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ಯಾರದ್ದು ಅಂತ ತೋರಿಸುತ್ತದೆ. ನಂಬರೇ ಇಲ್ಲದಿದ್ದರೆ ಆ 261 ರೂಪಾಯಿ ಸರ್ಕಾರಕ್ಕೆ ಹೋಗುತ್ತದೆ ಅಂತ ನಂಬುವುದು ಹೇಗೆ?

ಆಮೇಲೆ ಮನೆಯೊಳಗಿನ ಜಗಳ. ಅದು ಹೊರಗಿನ ಜಗಳಕ್ಕಿಂತ ಕಷ್ಟ. ಅಪ್ಪನದ್ದು ‘ಹೋಗ್ಲಿ ಬಿಡು, ಸಾವಿರ ರೂಪಾಯಿಗೆ ಯಾರು ಅಲೆಯೋದು’ ಅನ್ನುವ ರಾಗ. ನನ್ನದು ‘299ರ ಮೇಲೆ ಒಂದು ಪೈಸೆ ಕೊಡಬಾರದಿತ್ತು’. ಅಮ್ಮ ಇಬ್ಬರನ್ನೂ ಒಪ್ಪಲಿಲ್ಲ. ‘ಆ ಹುಡುಗ ಆ ಗಲೀಜಿಗೆ ಕೈ ಹಾಕಿ ತೆಗೆದಿದ್ದಾನೆ ಕಣೋ. ಫಿಲ್ಟರಿನ 400 ಅವನದ್ದೇ. ಅದನ್ನ ವಾಪಸ್ ಕೇಳಬೇಡ.’ ಆ 400 ಕೂಡ ಮೊದಲೇ ಹೇಳಿದ್ದಲ್ಲ ಅಂತ ವಾದ ಮಾಡಿದೆ, ಸೋತೆ. ಕೊನೆಗೆ ಲೆಕ್ಕ ಹೀಗಾಯಿತು: 299 ಮತ್ತು 400 ಸೇರಿ 699 ನ್ಯಾಯವಾದದ್ದು. ಉಳಿದ 1,011 ವಾಪಸ್ ಬರಬೇಕು. ಈಗ ಯೋಚಿಸಿದರೆ ನಮ್ಮ ಪತ್ರಕ್ಕೆ ತೂಕ ಬಂದದ್ದೇ ಅಮ್ಮನ ಈ ಲೆಕ್ಕದಿಂದ. ಎಲ್ಲವನ್ನೂ ಕೇಳಿದ್ದರೆ ನಮ್ಮನ್ನು ಜಿಪುಣರ ಸಾಲಿಗೆ ಸೇರಿಸಿ ಸುಮ್ಮನಾಗುತ್ತಿದ್ದರು.

ಪತ್ರ ಬರೆದದ್ದು ನಾನು, ಕಳಿಸಿದ್ದು ಅಮ್ಮ. ಸೇವೆ ಪಡೆದವಳು ಅವಳು, ಹಾಗಾಗಿ ಅವಳ ಹೆಸರಲ್ಲೇ, ಅವಳ ನಂಬರಿನಿಂದಲೇ ಹೋಗಲಿ ಅಂತ. ವಾಟ್ಸಾಪಿಗೂ ಇಮೇಲಿಗೂ ಒಂದೇ ಪತ್ರ:

‘ಬುಕಿಂಗ್ ಮಾಡಿದಾಗ ನೀವು ತಿಳಿಸಿದ್ದು ವಿಸಿಟಿಂಗ್ ಚಾರ್ಜ್ 299 ಮಾತ್ರ. ಅದನ್ನೂ ಫಿಲ್ಟರ್ ಕೆಲಸದ 400 ರೂಪಾಯಿಯನ್ನೂ ನಾನು ಒಪ್ಪುತ್ತೇನೆ. ಇನ್‌ಸ್ಪೆಕ್ಷನ್ 450, ಭಾನುವಾರದ ಚಾರ್ಜ್ 300 ಮೊದಲು ಹೇಳಿಲ್ಲ. ಜಿಎಸ್‌ಟಿ 261 ತೆಗೆದುಕೊಂಡಿದ್ದೀರಿ, ನೋಂದಣಿ ನಂಬರ್ ಕೊಟ್ಟಿಲ್ಲ. ಒಟ್ಟು 1,011 ರೂಪಾಯಿಯನ್ನು ಏಳು ದಿನದೊಳಗೆ ವಾಪಸ್ ಮಾಡಿ. ಇಲ್ಲದಿದ್ದರೆ ಗ್ರಾಹಕ ಸಹಾಯವಾಣಿಗೆ, ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.’

ಜೊತೆಗೆ ಬಿಲ್ಲಿನ ಫೋಟೊ, ಬುಕಿಂಗ್ ಮೆಸೇಜಿನ ಸ್ಕ್ರೀನ್‌ಶಾಟ್, ಯುಪಿಐ ವಿವರ. ಬೈಗುಳ ಒಂದೂ ಇಲ್ಲ. ಬರೆಯುವಾಗ ನಾಲ್ಕು ಇದ್ದವು, ಅಳಿಸಿದೆ.

ಮೊದಲು ಬಂದ ಉತ್ತರ ಜಾಣತನದ್ದು. ‘ಮೇಡಂ, ನಮ್ಮ ಕಂಪನಿಗೆ ಬಂದಿದ್ದು 299 ಮಾತ್ರ. ಮಿಕ್ಕಿದ್ದು ಟೆಕ್ನಿಷಿಯನ್ ತಗೊಂಡಿದ್ದಾನೆ, ಅವನನ್ನೇ ಕೇಳಿ.’ ದುಡ್ಡು ಹೋಗಿದ್ದು ಅವನ ಸ್ವಂತ ನಂಬರಿಗೆ ಅನ್ನುವುದು ಅವರಿಗೆ ಅನುಕೂಲವಾಯಿತು. ಆದರೆ ಹಾಳೆ ಕಂಪನಿಯದ್ದು, ಕಳಿಸಿದ್ದು ಕಂಪನಿ. ‘ಬಿಲ್ಲು ನಿಮ್ಮ ಹೆಸರಲ್ಲಿದೆ’ ಅಂತ ಒಂದೇ ಸಾಲು ಬರೆದೆವು. ಎರಡು ಗಂಟೆಯಲ್ಲಿ ಹುಡುಗನ ನಂಬರಿನಿಂದ 261 ರೂಪಾಯಿ ಬಂತು. ತೆರಿಗೆ ಅನ್ನುವ ಪದ ಎಲ್ಲರಿಗೂ ಬೇಗ ಮುಟ್ಟುತ್ತದೆ.

ಅವತ್ತು ರಾತ್ರಿ ಹುಡುಗನೇ ಅಮ್ಮನಿಗೆ ಫೋನ್ ಮಾಡಿದ. ‘ಅಮ್ಮಾ, ಕಂಪ್ಲೇಂಟ್ ಕೊಡಬೇಡಿ, ನನ್ನ ಕಮಿಷನ್ ಕಟ್ ಮಾಡ್ತಾರೆ.’ ಅವನಿಗೆ ಸಂಬಳ ಇಲ್ಲವಂತೆ. ಬಿಲ್ಲಿನಲ್ಲಿ ಒಂದು ಪಾಲು, ಪೆಟ್ರೋಲು ಕೈಯಿಂದ. ಬಿಲ್ಲು ಸಣ್ಣದಾದರೆ ಮರುದಿನ ಕಾಲ್ ಕೊಡುವುದಿಲ್ಲವಂತೆ. ಇನ್‌ಸ್ಪೆಕ್ಷನ್ ಅಂತ ಸೇರಿಸಲು ಹೇಳಿಕೊಟ್ಟವರೂ ಆಫೀಸಿನವರೇ. ಅಮ್ಮ ಕರಗಿಹೋದಳು. ಎಲ್ಲ ಬಿಟ್ಟುಬಿಡೋಣ ಅಂದಳು. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆದರೆ ಅವನ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯುತ್ತಿದ್ದವರು ಆಫೀಸಿನಲ್ಲಿ ಕೂತಿದ್ದರಲ್ಲ. ಹಾಗಾಗಿ ಇನ್ನೊಂದು ಸಾಲು ಕಳಿಸಿದೆವು: ನಮ್ಮ ದೂರು ಕಂಪನಿಯ ಮೇಲೆ, ಹುಡುಗನ ಮೇಲಲ್ಲ. ಉಳಿದ 750 ಕಂಪನಿಯ ಖಾತೆಯಿಂದಲೇ ಬರಬೇಕು.

ಅದಕ್ಕೆ ‘ಮುಂದಿನ ಸರ್ವೀಸಿಗೆ 500 ರೂಪಾಯಿ ಕೂಪನ್ ಕೊಡ್ತೀವಿ’ ಅಂದರು. ಮುಂದಿನ ಸರ್ವೀಸಿಗೆ ಇವರನ್ನು ಕರೆಯುವವರು ಯಾರು!

ಏಳು ದಿನ ಕಳೆದ ಮೇಲೆ ಅಮ್ಮ 1915ಕ್ಕೆ ಫೋನ್ ಮಾಡಿದಳು. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು. ಬಿಲ್ಲಿನ ತಾರೀಖು, ಮೊತ್ತ, ಕಂಪನಿಯ ವಿಳಾಸ ಕೇಳಿದರು. ಮೆಸೇಜಿನಲ್ಲಿ ಡಾಕೆಟ್ ನಂಬರ್, ಅಂದರೆ ದೂರಿನ ನಂಬರ್, ಬಂತು. ಸಹಾಯವಾಣಿಯವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ ಅಷ್ಟೇ. ಆ ಡಾಕೆಟ್ ನಂಬರನ್ನು ನಾವೂ ಕಂಪನಿಗೆ ಕಳಿಸಿ, ಮುಂದಿನ ಹೆಜ್ಜೆ ಏನು ಅಂತ ನೆನಪಿಸಿದೆವು. ಆಯೋಗಕ್ಕೆ ದೂರು ನಾವಿರುವ ಊರಿನಲ್ಲೇ ಹಾಕಬಹುದು, ಆನ್‌ಲೈನಿನಲ್ಲೂ ಆಗುತ್ತದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಿಲ್ಲ. ಎರಡು ವರ್ಷದವರೆಗೆ ಸಮಯ ಇದೆ. 750 ರೂಪಾಯಿಗೆ ನಾವು ನಿಜವಾಗಿ ಅಲ್ಲಿಗೆ ಹೋಗುತ್ತಿದ್ದೆವಾ? ಅಪ್ಪನನ್ನು ಕೇಳಿದರೆ ಇಲ್ಲ. ನನಗೆ ಈಗಲೂ ಗೊತ್ತಿಲ್ಲ. ಅಷ್ಟರಲ್ಲಿ ಕಂಪನಿಯ ಖಾತೆಯಿಂದ 750 ಬಂತು. ಕ್ಷಮಿಸಿ ಅಂತ ಒಂದು ಮಾತು ಮಾತ್ರ ಬರಲಿಲ್ಲ.

ಆಮೇಲೆ ಅವರ ವೆಬ್‌ಸೈಟನ್ನು ಪೂರ್ತಿ ನೋಡಿದೆ. ತೀರಾ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ, ಮೆಷಿನ್ ತಯಾರಿಸಿದ ಕಂಪನಿಗೂ ತಮಗೂ ಸಂಬಂಧ ಇಲ್ಲ ಅಂತ ಅವರೇ ಬರೆದುಕೊಂಡಿದ್ದರು. ತಯಾರಿಸಿದವರ ಸಹಾಯವಾಣಿ ನಂಬರ್ ಮೆಷಿನ್ನಿನ ಜೊತೆ ಬಂದ ಪುಸ್ತಕದಲ್ಲಿತ್ತು. ಪುಸ್ತಕ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಒಡೆಯದೆ, ಭದ್ರವಾಗಿತ್ತು. ಫಿಲ್ಟರ್ ತೆಗೆದು ತೊಳೆಯುವುದು ಹೇಗೆ ಅಂತ ಅದೇ ಪುಸ್ತಕದಲ್ಲಿ ಚಿತ್ರ ಸಮೇತ ಇದೆ.

ಹೋದ ತಿಂಗಳು ಫ್ರಿಜ್ಜಿನ ಬಾಗಿಲ ರಬ್ಬರ್ ಸಡಿಲವಾಯಿತು. ಅಮ್ಮ ನಮ್ಮ ರಸ್ತೆಯ ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಮೊದಲು ಕೇಳಿದ್ದು: ‘ಬಂದ್ರೆ ಎಷ್ಟಪ್ಪಾ? ಬಿಚ್ಚಿದ್ರೆ ಎಷ್ಟು? ವಾಟ್ಸಾಪಿನಲ್ಲಿ ಬರೆದು ಕಳಿಸು.’ ಇಪ್ಪತ್ತು ವರ್ಷದಿಂದ ಗೊತ್ತಿರುವವನು. ‘ನನ್ನನ್ನೂ ನಂಬಲ್ವಾ ಅಮ್ಮಾ?’ ಅಂತ ಬೇಜಾರು ಮಾಡಿಕೊಂಡ. ಆದರೂ 200 ಅಂತ ಬರೆದು ಕಳಿಸಿದ. ಬಂದ, ರಬ್ಬರನ್ನು ಬಿಸಿನೀರಿನ ಬಟ್ಟೆಯಿಂದ ಒತ್ತಿ ಕೂರಿಸಿದ, 200 ತಗೊಂಡು ಹೋದ. ಕಾಫಿ ಬೇಡ ಅಂದನಂತೆ, ಶುಗರ್ ಬಂದಿದೆಯಂತೆ.