ಹೊಲದಲ್ಲಿ ತೊಗರಿ, ಕಂಪ್ಯೂಟರ್‌ನಲ್ಲಿ ಹತ್ತಿ: ಬೆಂಬಲ ಬೆಲೆಗೆ ಮಾರಬೇಕಾದರೆ ಏನೇನು ಮಾಡಬೇಕು?

2025ರ ಜನವರಿ. ರಾಯಚೂರು ಕಡೆಯ ನಮ್ಮ ಕಾಕಾ ತೊಗರಿ ರಾಶಿ ಮುಗಿಸಿ ಬೆಂಬಲ ಬೆಲೆಗೆ ಹೆಸರು ಬರೆಸಲು ಖರೀದಿ ಕೇಂದ್ರಕ್ಕೆ ಹೋದರು. ಜೊತೆಗೆ ನಾನೂ ಇದ್ದೆ. ಎರಡು ತಾಸು ಪಾಳಿ ನಿಂತ ಮೇಲೆ ಕಂಪ್ಯೂಟರ್ ಮುಂದಿದ್ದ ಹುಡುಗ ತಲೆ ಎತ್ತಿ, "ಕಾಕಾ, ನಿಮ್ಮ ಹೊಲದಾಗ ತೊಗರಿ ಇಲ್ಲಂತ ತೋರಸಾಕತ್ತೈತ್ರಿ, ಬರೇ ಹತ್ತಿ ಐತಿ" ಅಂದ. ಕಾಕಾ ಅಂಗಿ ಜೇಬಿನಿಂದ ಒಂದು ಹಿಡಿ ತೊಗರಿ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ಇದು ಎಲ್ಲಿಂದ ಬಂತಪ್ಪ?"

ಹುಡುಗನ ತಪ್ಪೇನೂ ಇರಲಿಲ್ಲ. ಹತ್ತಿ ಸಾಲುಗಳ ನಡುವೆ ಹಾಕಿದ್ದ ತೊಗರಿ ಬೆಳೆ ಸಮೀಕ್ಷೆಯಲ್ಲಿ ದಾಖಲಾಗಿರಲಿಲ್ಲ, ಅಷ್ಟೇ. ಆ ವರ್ಷ ತೊಗರಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ, ಅದರ ಮೇಲೆ ರಾಜ್ಯದ್ದು 450, ಒಟ್ಟು 8,000 ಸಿಗುತ್ತಿತ್ತು. ಕಾಕಾ ಅದಕ್ಕಿಂತ ಕಡಿಮೆಗೆ ಅಡತಿ (ದಲಾಲರ) ಅಂಗಡಿಯಲ್ಲಿ ಮಾರಿ ಬಂದರು.

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಬೆಂಬಲ ಬೆಲೆಯ ಕೆಲಸ ರಾಶಿ ಆದ ಮೇಲೆ ಶುರುವಾಗುವುದಲ್ಲ. ಬೆಳೆ ಮೊಣಕಾಲುದ್ದ ಇರುವಾಗಲೇ ಶುರುವಾಗುತ್ತದೆ.

ಮೊದಲು ಸಮೀಕ್ಷೆ

ಮುಂಗಾರಿನಲ್ಲಿ ಊರಿಗೆ ಬೆಳೆ ಸಮೀಕ್ಷೆಯವರು ಬರುತ್ತಾರೆ, ಇವರನ್ನು ಖಾಸಗಿ ನಿವಾಸಿ ಅಥವಾ ಪಿ.ಆರ್. ಅನ್ನುತ್ತಾರೆ. ಹೊಲದಲ್ಲೇ ನಿಂತು ಸರ್ವೆ ನಂಬರ್ ಪ್ರಕಾರ ಫೋಟೊ ತೆಗೆದು ಬೆಳೆಯ ಹೆಸರು ಹಾಕುತ್ತಾರೆ. 2020ರಿಂದ ರೈತರೇ ತಮ್ಮ ಮೊಬೈಲ್ ಆ್ಯಪ್‌ನಲ್ಲಿ ಇದನ್ನು ಮಾಡಿಕೊಳ್ಳಲೂ ಅವಕಾಶ ಇದೆ. ಮನೆಯಲ್ಲಿ ಓದುವ ಹುಡುಗರಿದ್ದರೆ ಅವರ ಕೈಗೆ ಕೊಡಿ, ಅರ್ಧ ತಾಸಿನ ಕೆಲಸ. ಅಕ್ಕಡಿ ಬೆಳೆ, ಅಂದರೆ ಸಾಲುಗಳ ನಡುವೆ ಇನ್ನೊಂದು ಬೆಳೆ ಇದ್ದರೆ ಎರಡನ್ನೂ ಹಾಕಿಸಲೇಬೇಕು, ಬದುವಿನ ಮೇಲೆ ನಿಂತು ತೆಗೆದ ಫೋಟೊದಲ್ಲಿ ಒಳಗಿನ ಸಾಲು ಕಾಣುವುದೇ ಇಲ್ಲ. ಆಮೇಲೆ 'ಬೆಳೆ ದರ್ಶಕ' ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ಏನು ದಾಖಲಾಗಿದೆ ನೋಡಿ, ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಅದಕ್ಕೂ ದಿನಾಂಕ ಇರುತ್ತದೆ, ಮುಗಿದ ಮೇಲೆ ಯಾರ ಕಾಲು ಹಿಡಿದರೂ ಕಷ್ಟ.

ಎರಡನೆಯದು ಎಫ್‌ಐಡಿ, ಅಂದರೆ ರೈತರ ವಿವರ ಇಡುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ರೈತ ಗುರುತಿನ ನಂಬರ್. ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ ಮಾಡಿಕೊಡುತ್ತಾರೆ. "ನನ್ನದು ಆಗಿದೆ ಬಿಡ್ರಿ" ಅನ್ನುವವರು ಇನ್ನೊಮ್ಮೆ ನೋಡಿ. ಮೂರು ಕಡೆ ಹೊಲ ಇದ್ದು ಎಫ್‌ಐಡಿಯಲ್ಲಿ ಒಂದೇ ಸರ್ವೆ ನಂಬರ್ ಸೇರಿದ್ದರೆ ಆ ಒಂದು ಹೊಲದ ಲೆಕ್ಕದಲ್ಲಿ ಮಾತ್ರ ಖರೀದಿ ಮಾಡುತ್ತಾರೆ, ಯಾಕೆಂದರೆ ಎಕರೆಗೆ ಇಷ್ಟು ಕ್ವಿಂಟಲ್ ಅಂತ ಮಿತಿ ಇರುತ್ತದೆ. ಪಹಣಿ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸದೆ, ಅಂದರೆ ವಾರಸುದಾರರ ಹೆಸರಿಗೆ ಬದಲಿಸದೆ ಮುಂದಿನದ್ಯಾವುದೂ ನಡೆಯುವುದಿಲ್ಲ.

ಗುತ್ತಿಗೆಗೆ ಹೊಲ ಮಾಡುವವರ ಕಷ್ಟ ಬೇರೆಯೇ. ಸಿಂಧನೂರು, ಗಂಗಾವತಿ, ಕಾರಟಗಿ, ಸಿರುಗುಪ್ಪ, ಕಾಲುವೆ ನೀರಿನ ಈ ಊರುಗಳಲ್ಲಿ ಗುತ್ತಿಗೆದಾರರೇ ಬಹಳ. ಬೆವರು ಅವರದು, ಎಫ್‌ಐಡಿ ಮಾಲೀಕರದು, ಬೆಂಬಲ ಬೆಲೆ ದುಡ್ಡು ಬೀಳುವುದೂ ಮಾಲೀಕರ ಖಾತೆಗೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಸದ್ಯಕ್ಕೆ ಮಾಡಬಹುದಾದ್ದು ಒಂದೇ: ನಾಟಿಗೆ ಮುಂಚೆಯೇ ಇಬ್ಬರು ಹಿರಿಯರ ಮುಂದೆ ಈ ದುಡ್ಡಿನ ಮಾತು ಮುಗಿಸಿ, ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಚೀಲದ ಲೆಕ್ಕ

ನಮ್ಮ ಕಡೆ ನೆಲ್ಲಿನ (ಭತ್ತದ) ದರ ಹೇಳುವುದು 75 ಕೆ.ಜಿ. ಚೀಲಕ್ಕೆ. ಸರ್ಕಾರ ಹೇಳುವುದು ಕ್ವಿಂಟಲ್‌ಗೆ. ಇಲ್ಲೇ ಜಾಸ್ತಿ ಜನ ಮೋಸ ಹೋಗುವುದು. 2025-26ರ ಮುಂಗಾರಿಗೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, 'ಎ' ದರ್ಜೆಗೆ 2,389. ಚೀಲಕ್ಕೆ ಇಳಿಸಿದರೆ ಸಾಮಾನ್ಯಕ್ಕೆ 1,776 ರೂಪಾಯಿ 75 ಪೈಸೆ, 'ಎ' ದರ್ಜೆಗೆ 1,791 ರೂಪಾಯಿ 75 ಪೈಸೆ. ಆಯಾ ವರ್ಷದ ದರವನ್ನು ಹೀಗೆ ಚೀಲಕ್ಕೆ ಇಳಿಸಿ ಗೋಡೆ ಮೇಲೆ ಬರೆದಿಡಿ. ವ್ಯಾಪಾರಿ ಕಣಕ್ಕೆ ಬಂದು ಒಂದು ದರ ಹೇಳಿದಾಗ ಹಮಾಲಿ, ಸೂಟು (ತೂಕದಲ್ಲಿ ಮುರಿದುಕೊಳ್ಳುವುದು), ದಲಾಲಿ ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ ಅಂತ ಕೇಳಿ, ಆಮೇಲೆ ಹೋಲಿಸಿ. ಸೋನಾ ಮಸೂರಿಗೆ ಪೇಟೆಯಲ್ಲೇ ಒಳ್ಳೆ ದರ ಇರುವ ವರ್ಷ ಖರೀದಿ ಕೇಂದ್ರಕ್ಕೆ ಹೋಗುವ ಅಗತ್ಯವೇ ಇಲ್ಲ. ಆದರೂ ನೋಂದಣಿ ಮಾಡಿಸಿಡಿ. ದರ ಬಿದ್ದ ದಿನ ಅದೊಂದೇ ಆಸರೆ.

ಈ ಬೆಲೆ ಏರಿಕೆಯಲ್ಲಿ ಇದು ಸಾಕಾ ಅಂತ ಕೇಳಿದರೆ, ಸಾಲುವುದಿಲ್ಲ. 2020-21ರಲ್ಲಿ ಸಾಮಾನ್ಯ ಭತ್ತಕ್ಕೆ 1,868 ಇತ್ತು, ಐದು ವರ್ಷಕ್ಕೆ ಏರಿದ್ದು 501 ರೂಪಾಯಿ. ಲೆಕ್ಕ ಹಾಕುವ ರೀತಿಯಲ್ಲೇ ಕೊರತೆ ಇದೆ. ಬೀಜ, ಗೊಬ್ಬರ, ಕೂಲಿಯಂಥ ಕೈಯಿಂದ ಹೋದ ಖರ್ಚು ಮತ್ತು ಮನೆಯವರ ದುಡಿಮೆ ಸೇರಿಸಿ ಕ್ವಿಂಟಲ್‌ಗೆ 1,579 ರೂಪಾಯಿ ಅಂತ ಹಿಡಿದು, ಅದರ ಒಂದೂವರೆ ಪಟ್ಟು ಕೊಟ್ಟಿದ್ದಾರೆ. ಇದು ಇಡೀ ದೇಶದ ಸರಾಸರಿ. ಸ್ವಂತ ಹೊಲಕ್ಕೆ ಬರಬಹುದಾದ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಅದರಲ್ಲಿ ಪೂರ್ತಿ ಬರುವುದಿಲ್ಲ. ರೈತ ಸಂಘಗಳು ಇಷ್ಟು ವರ್ಷದಿಂದ ಕೇಳುತ್ತಿರುವುದು ಅದನ್ನೂ ಸೇರಿಸಿ ಅಂತಲೇ, ಅದು ನ್ಯಾಯವಾದ ಮಾತು.

ಇನ್ನು ಮಾಲು. ಭತ್ತದ ತೇವಾಂಶ ಶೇ 17 ದಾಟಿದರೆ ವಾಪಸ್. ಹಾರ್ವೆಸ್ಟರ್ ಹಾಕಿ ಕೊಯ್ದ ಭತ್ತ ಹಸಿ ಇರುತ್ತದೆ, ನೇರ ಟ್ರ್ಯಾಕ್ಟರ್‌ಗೆ ತುಂಬಿಸಿ ಕೇಂದ್ರದ ಮುಂದೆ ನಿಂತರೆ ಬಾಡಿಗೆ ಸುಮ್ನೆ ದಂಡ. ಬಿಸಿಲಿಗೆ ಹರಡಿ, ಮೇಲೆ ಕೆಳಗೆ ಕೈಯಾಡಿಸಿ, ಸಂಜೆ ಒಂದು ಕಾಳು ಹಲ್ಲಿಗೆ ಹಾಕಿ ನೋಡಿ. ಟಕ್ ಅಂತ ಎರಡು ತುಂಡಾದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ತಾಡಪತ್ರಿ ಇಲ್ಲದವರು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಸಾಮಾನ್ಯ ರೈತರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90 ಸಹಾಯಧನದಲ್ಲಿ ಕೊಡುತ್ತಾರೆ. ತೊಗರಿಗೆ ತೇವಾಂಶ ಶೇ 12ರ ಒಳಗಿರಬೇಕು. 2025-26ಕ್ಕೆ ಅದರ ಬೆಂಬಲ ಬೆಲೆಯೇ 8,000.

ಹತ್ತಿಯ ದಾರಿ ಬೇರೆ. ಭಾರತೀಯ ಹತ್ತಿ ನಿಗಮ ಜಿನ್ನಿಂಗ್ ಮಿಲ್‌ಗಳಲ್ಲಿ ಖರೀದಿಸುತ್ತದೆ, 2025ರಿಂದ 'ಕಪಾಸ್ ಕಿಸಾನ್' ಆ್ಯಪ್‌ನಲ್ಲಿ ಮೊದಲೇ ನೋಂದಣಿ ಆಗಬೇಕು. 2025-26ಕ್ಕೆ ಉದ್ದ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 8,110 ರೂಪಾಯಿ, ಅದು ತೇವಾಂಶ ಶೇ 8 ಇದ್ದರೆ. ಅಲ್ಲಿಂದ ಶೇ 12ರವರೆಗೆ ದರ ಕಡಿಯುತ್ತಾ ಹೋಗುತ್ತಾರೆ, 12 ದಾಟಿದರೆ ಮುಟ್ಟುವುದಿಲ್ಲ. ಇಬ್ಬನಿ ಆರುವ ಮುಂಚೆ ಬಿಡಿಸಿದ ಹತ್ತಿಯನ್ನು ಬೇರೆ ಇಡಿ.

ಗೊಬ್ಬರದ ಸಬ್ಸಿಡಿ ಬಗ್ಗೆಯೂ ಒಂದು ಮಾತು. ಅದು ನಿಮ್ಮ ಖಾತೆಗೆ ಬರುವುದಲ್ಲ, ಚೀಲದ ದರದಲ್ಲೇ ಇಳಿದಿರುತ್ತದೆ. 45 ಕೆ.ಜಿ. ಯೂರಿಯಾಕ್ಕೆ ಸುಮಾರು 266 ರೂಪಾಯಿ 50 ಪೈಸೆ, 50 ಕೆ.ಜಿ. ಡಿಎಪಿಗೆ 1,350. ಬೆರಳಚ್ಚು ಕೊಟ್ಟ ಮೇಲೆ ಮಷಿನ್‌ನಿಂದ ಬರುವ ರಸೀದಿ ಬಿಡಬೇಡಿ. "ಯೂರಿಯಾ ಬೇಕಾದ್ರ ಇದನ್ನೂ ತಗೋಬೇಕು" ಅಂತ ಬೇರೆ ಡಬ್ಬಿ ಅಂಟಿಸಿದರೆ ತೆಗೆದುಕೊಳ್ಳಬೇಕಾಗಿಲ್ಲ. ಹಾಗೆ ಲಿಂಕ್ ಮಾಡುವುದು ತಪ್ಪು, ಕೃಷಿ ಅಧಿಕಾರಿಗೆ ಬರೆದು ಕೊಡಿ.

ಕೊನೆಗೆ ದುಡ್ಡು. ತೂಕ ಆದ ಮೇಲೆ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ, ನೀವು ಪಾಸ್‌ಬುಕ್ ಕೊಟ್ಟ ಖಾತೆಗೇ ಬರುತ್ತದೆ ಅಂತ ಅಂದುಕೊಳ್ಳಬೇಡಿ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ ಕೊನೆಗೆ ಯಾವುದಕ್ಕೆ ಆಧಾರ್ ಜೋಡಿಸಿದ್ದೀರೋ ಅಲ್ಲಿ ಬೀಳುತ್ತದೆ, ಬೆಳೆಸಾಲ ಇರುವ ಖಾತೆಯೇ ಅದಾಗಿದ್ದರೆ ಬ್ಯಾಂಕಿನವರ ಜೊತೆ ಮೊದಲೇ ಮಾತಾಡಿ. ತೂಕದ ಚೀಟಿಯಲ್ಲಿ ಚೀಲ, ಕೆ.ಜಿ., ದಿನಾಂಕ ಮೂರೂ ಸರಿ ಇವೆಯಾ ಅಂತ ಅಲ್ಲೇ ನಿಂತು ಓದಿಸಿಕೊಳ್ಳಿ. ಹಣ ಬರಲು ತಡವಾದರೆ ಕೇಳಲು ನಿಮ್ಮ ಕೈಯಲ್ಲಿರುವುದು ಆ ಚೀಟಿ ಮಾತ್ರ, ಅಲ್ವಾ? ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಅದರ ಮಸಿ ಎರಡು ತಿಂಗಳಿಗೆ ಮಾಸಿಹೋಗುತ್ತದೆ.