ರಿಂಗ್ ಹೇಳಿದ್ದು 86, ಬಾಟಲಿ ಕೊಟ್ಟಿದ್ದು 31

ಗಾಯ ತೊಳೆಯಲು ಮೆಡಿಕಲ್ ಶಾಪಿನಲ್ಲಿ ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ನೋಡಿರುತ್ತೀರಿ. ಮೇಲೆ 6 ಪರ್ಸೆಂಟ್, 20 ವಾಲ್ಯೂಮ್ ಅಂತ ಬರೆದಿರುತ್ತದೆ. ಪಿಎಚ್‌ಡಿಯ ಎರಡು ವರ್ಷ ಸವೆಸಿ ನಾನು ಮಾಡಿದ ಪೆರಾಕ್ಸೈಡ್ ಅದಕ್ಕಿಂತ ಮುನ್ನೂರು ಪಟ್ಟು ತೆಳು. ಆದರೂ ಖುಷಿ ಇದೆ. ಯಾಕೆಂದರೆ ಅದಕ್ಕೆ ಬಳಸಿದ್ದು ಮಸಿ, ಆಮ್ಲಜನಕ, ಕ್ಷಾರದ ನೀರು ಮತ್ತು ಕರೆಂಟು ಮಾತ್ರ.

ಕಾರ್ಖಾನೆಗಳು ಇದನ್ನು ಆಂಥ್ರಾಕ್ವಿನೋನ್ ವಿಧಾನದಲ್ಲಿ ಮಾಡುತ್ತವೆ. ಹೈಡ್ರೋಜನ್ ಗ್ಯಾಸ್ ಬೇಕು, ಪಲ್ಲಾಡಿಯಂ ಬೇಕು, ದೊಡ್ಡ ಘಟಕ ಬೇಕು. ಕೊನೆಗೆ ಗಟ್ಟಿ ಪೆರಾಕ್ಸೈಡನ್ನು ಟ್ಯಾಂಕರಿನಲ್ಲಿ ಹುಷಾರಾಗಿ ಸಾಗಿಸಿ, ಬಳಸುವ ಜಾಗದಲ್ಲಿ ಮತ್ತೆ ನೀರು ಬೆರೆಸುತ್ತಾರೆ. ತೆಳುವಾದದ್ದೇ ಸಾಕಾಗುವ ಕಡೆ ಅಲ್ಲೇ ಮಾಡಿಕೊಂಡರೆ ಆಗಲ್ವಾ ಅನ್ನುವುದು ನಮ್ಮ ಲ್ಯಾಬಿನ ಪ್ರಶ್ನೆ.

ಆಮ್ಲಜನಕದ ಒಂದು ಅಣುವಿಗೆ ನಾಲ್ಕು ಎಲೆಕ್ಟ್ರಾನ್ ಕೊಟ್ಟರೆ ನೀರಾಗುತ್ತದೆ. ಎರಡಕ್ಕೇ ನಿಲ್ಲಿಸಿದರೆ ಪೆರಾಕ್ಸೈಡ್. ಪ್ಲಾಟಿನಂ ಎರಡು ಆಮ್ಲಜನಕ ಪರಮಾಣುಗಳ ನಡುವಿನ ಬಂಧವನ್ನೇ ಮುರಿದುಬಿಡುತ್ತದೆ, ಹಾಗಾಗಿ ನೀರೇ ಜಾಸ್ತಿ. ಇಂಗಾಲ ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುವುದಿಲ್ಲ, ಅರ್ಧ ದಾರಿಯಲ್ಲೇ ಬಿಟ್ಟುಬಿಡುತ್ತದೆ. 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು ಇಂಗಾಲದ ನ್ಯಾನೋಟ್ಯೂಬುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿ, ಮೇಲ್ಮೈಗೆ ಆಮ್ಲಜನಕದ ಗುಂಪುಗಳನ್ನು ಕೂರಿಸಿ, ಕ್ಷಾರದಲ್ಲಿ ಪ್ರತಿಕ್ರಿಯಿಸುವ ಆಮ್ಲಜನಕದ ಸುಮಾರು 90 ಪರ್ಸೆಂಟ್ ಪೆರಾಕ್ಸೈಡ್ ಆಗುತ್ತದೆ ಎಂದು ತೋರಿಸಿತು. ನ್ಯಾನೋಟ್ಯೂಬು ದುಬಾರಿ. ಅದಕ್ಕೇ ನಾನು ಹಿಡಿದದ್ದು ಕಾರ್ಬನ್ ಬ್ಲಾಕ್, ಅಂದರೆ ಮಸಿಪುಡಿ. ಅಜ್ಜಿ ದೀಪದ ಮೇಲೆ ತಟ್ಟೆ ಕವುಚಿ ಹಿಡಿಯುತ್ತಿದ್ದ ಕಾಡಿಗೆಯ ದಾಯಾದಿ ಅದು.

ಅಡುಗೆಯ ಭಾಗ ಸುಲಭ. ಫ್ಯೂಮ್ ಹುಡ್ ಒಳಗೆ ಗಟ್ಟಿ ನೈಟ್ರಿಕ್ ಆಮ್ಲದಲ್ಲಿ 80 ಡಿಗ್ರಿಯಲ್ಲಿ ಆರು ಗಂಟೆ. ಕಂದು ಹೊಗೆ ಏಳುತ್ತದೆ, ಹುಡ್ ಬಾಗಿಲು ತೆಗೆಯುವ ಮಾತೇ ಇಲ್ಲ. ತೊಳೆಯುವುದೇ ತಲೆನೋವು. ಮೊದಲು ನೀರಿನ ಮೇಲೆ ತೇಲುತ್ತಿದ್ದ ಪುಡಿ, ಆಮ್ಲದಲ್ಲಿ ಬೆಂದ ಮೇಲೆ ನೀರನ್ನು ಒಪ್ಪಿಕೊಳ್ಳುತ್ತದೆ. ಆಮ್ಲ ಹೋಗುತ್ತಾ ಬಂದಂತೆ ಶಾಯಿಯ ಹಾಗೆ ಹರಡಿಕೊಂಡು ಫಿಲ್ಟರ್ ಪೇಪರ್ ಕಟ್ಟಿಕೊಳ್ಳುತ್ತದೆ. ಎರಡು ದಿನ ಅದರ ಮುಂದೆ ಕೂತು ಸಾಕಾಗಿ ಸೆಂಟ್ರಿಫ್ಯೂಜಿಗೆ ಹಾಕಿದೆ. ಮೊದಲೇ ಹಾಕಬೇಕಿತ್ತು. ಇನ್ನೊಂದು ಸಲ ರಾತ್ರಿಯಿಡೀ ಬೇಯಿಸಿದೆ, ಜಾಸ್ತಿ ಆಮ್ಲಜನಕ ಕೂತರೆ ಒಳ್ಳೆಯದು ಅಂದುಕೊಂಡು. ಕರೆಂಟು ಹರಿಯುವುದೇ ಕಷ್ಟವಾಯಿತು, ಪುಡಿಯೂ ಅರ್ಧ ಕರಗಿಹೋಗಿತ್ತು.

ಆಮೇಲೆ ಅಳತೆ. ತಿರುಗುವ ರಿಂಗ್-ಡಿಸ್ಕ್ ಎಲೆಕ್ಟ್ರೋಡ್ ಅಂತ ಒಂದಿದೆ. ನಡುವಿನ ಡಿಸ್ಕ್ ಮೇಲೆ ಮಸಿ ಹಚ್ಚುತ್ತೇವೆ. ನಿಮಿಷಕ್ಕೆ 1600 ಸುತ್ತು ತಿರುಗುವಾಗ ಡಿಸ್ಕಿನಲ್ಲಿ ಹುಟ್ಟಿದ ಪೆರಾಕ್ಸೈಡ್ ಹೊರಗೆ ಚಿಮ್ಮುತ್ತದೆ, ಸುತ್ತಲಿನ ಪ್ಲಾಟಿನಂ ರಿಂಗ್ ಅದನ್ನು ಹಿಡಿದು ಲೆಕ್ಕ ಕೊಡುತ್ತದೆ. ಎಲ್ಲವನ್ನೂ ಹಿಡಿಯುವುದಿಲ್ಲ. ನಮ್ಮದು ನೂರರಲ್ಲಿ 37 ಪಾಲು ಹಿಡಿಯುತ್ತಿತ್ತು. ಇದನ್ನು ಕಂಪನಿಯ ಕೈಪಿಡಿಯಿಂದ ಎತ್ತಿಕೊಳ್ಳಬೇಡಿ, ಫೆರಿಸೈನೈಡ್ ಎಂಬ ಲವಣ ಹಾಕಿ ನೀವೇ ಅಳೆಯಿರಿ. ಮಸಿಯನ್ನೂ ದಪ್ಪ ಹಚ್ಚಬೇಡಿ. ದಪ್ಪ ಪದರದೊಳಗೆ ಸಿಕ್ಕಿಬಿದ್ದ ಪೆರಾಕ್ಸೈಡ್ ಹೊರಬರುವ ಮೊದಲೇ ನೀರಾಗಿರುತ್ತದೆ.

ಡಿಸ್ಕ್ 0.50 ಮಿಲಿಆಂಪ್, ರಿಂಗ್ 0.14. ರಿಂಗ್ ಹಿಡಿಯದ ಪಾಲನ್ನೂ ಸೇರಿಸಿ ಲೆಕ್ಕ ಹಾಕಿದರೆ, ಪ್ರತಿಕ್ರಿಯಿಸಿದ ಆಮ್ಲಜನಕದ ಅಣುಗಳಲ್ಲಿ 86 ಪರ್ಸೆಂಟ್ ಪೆರಾಕ್ಸೈಡ್ ಆಗಿದ್ದವು. ಅವತ್ತು ಲ್ಯಾಬಿನವರಿಗೆಲ್ಲ ನನ್ನ ಕಡೆಯಿಂದ ಮಸಾಲೆ ದೋಸೆ.

ನಮ್ಮ ಸೀನಿಯರ್ ಅಕ್ಕ ದೋಸೆ ತಿಂದು ಕೈ ತೊಳೆದು ಕೇಳಿದ್ದು ಒಂದೇ ಪ್ರಶ್ನೆ: "ಸರಿ ಕಣೋ, ಪೆರಾಕ್ಸೈಡ್ ಎಲ್ಲಿ?"

ಕಾರ್ಬನ್ ಪೇಪರಿಗೆ ಮಸಿ ಹಚ್ಚಿ, 25 ಮಿಲಿ ಕ್ಷಾರದಲ್ಲಿ ಮುಳುಗಿಸಿ, ಆಮ್ಲಜನಕ ಬಿಡುತ್ತಾ, 5 ಮಿಲಿಆಂಪ್ ಕರೆಂಟನ್ನು ಎರಡು ಗಂಟೆ ಹರಿಸಿದೆ. ಪೂರ್ತಿ ಕರೆಂಟು ಪೆರಾಕ್ಸೈಡ್ ಆಗಿದ್ದರೆ 6.3 ಮಿಲಿಗ್ರಾಂ ಸಿಗಬೇಕು. ಎಷ್ಟು ಸಿಕ್ಕಿದೆ ಎಂದು ಅಳೆಯಲು ಪರ್ಮ್ಯಾಂಗನೇಟನ್ನು ಹನಿಹನಿಯಾಗಿ ಹಾಕುವ ಟೈಟ್ರೇಶನ್ ಶುರು ಮಾಡಿದೆ. ಗುಲಾಬಿ ಬಣ್ಣ ಬರುವ ಬದಲು ಕಂದು ಕೆಸರು! ಕ್ಷಾರದ ಮಾದರಿಗೆ ಮೊದಲು ಸಲ್ಫ್ಯೂರಿಕ್ ಆಮ್ಲ ಹಾಕಬೇಕು ಅನ್ನುವುದನ್ನೇ ಮರೆತಿದ್ದೆ. ಪಿಯುಸಿಯಲ್ಲಿ ಕಲಿತ ಪಾಠ. ಆಮ್ಲ ಹಾಕಿ ಮತ್ತೆ ಮಾಡಿದಾಗ ಬಂದದ್ದು 31 ಪರ್ಸೆಂಟ್.

ಉಳಿದದ್ದು ಎಲ್ಲಿ ಹೋಯಿತು? ಮೂರು ತಿಂಗಳು ಅದನ್ನೇ ಹುಡುಕಿದೆ.

ಮೊದಲ ಕಳ್ಳ ಕಣ್ಣೆದುರೇ ಇದ್ದ. ಎರಡೂ ಎಲೆಕ್ಟ್ರೋಡ್ ಒಂದೇ ಬೀಕರಿನಲ್ಲಿದ್ದವು. ಒಂದು ಕಡೆ ಹುಟ್ಟಿದ ಪೆರಾಕ್ಸೈಡ್ ಇನ್ನೊಂದು ಕಡೆಗೆ ಹೋಗಿ ಮತ್ತೆ ಆಮ್ಲಜನಕವಾಗುತ್ತಿತ್ತು. ನಡುವೆ ಕರೆಂಟನ್ನು ಬಿಟ್ಟು ಪೆರಾಕ್ಸೈಡನ್ನು ಬಹುಮಟ್ಟಿಗೆ ತಡೆಯುವ ನಾಫಿಯಾನ್ ಪೊರೆ ಇರುವ ಎರಡು ಕೋಣೆಯ ಸೆಲ್ಲಿಗೆ ಬದಲಾದೆ. ಎದುರು ಎಲೆಕ್ಟ್ರೋಡಿನ ಪ್ಲಾಟಿನಂ ತಂತಿಯನ್ನೂ ತೆಗೆದು ಗ್ರಾಫೈಟ್ ಕಡ್ಡಿ ಹಾಕಿದೆ, ಏಕೆಂದರೆ ಪ್ಲಾಟಿನಂ ಚೂರುಚೂರೇ ಕರಗಿ ನಮ್ಮ ಮಸಿಯ ಮೇಲೆ ಬಂದು ಕೂರಬಹುದು. 55ಕ್ಕೆ ಬಂತು.

ಎರಡನೆಯದು ಸಿಕ್ಕಿದ್ದು ಕರೆಂಟು ಹೋದ ದಿನ. ಸುಮ್ನೆ ಕೂರುವ ಬದಲು ಗೊತ್ತಿರುವಷ್ಟು ಪೆರಾಕ್ಸೈಡನ್ನು ಅದೇ ಕ್ಷಾರಕ್ಕೆ ಹಾಕಿ ಎರಡು ಗಂಟೆ ಬಿಟ್ಟೆ. ಹಾಗೇ ಇತ್ತು. ಮರುದಿನ ಅದನ್ನೇ ಸ್ಟರರ್ ಮೇಲಿಟ್ಟು, ಮ್ಯಾಗ್ನೆಟ್ ಬೀಡ್ ಹಾಕಿ ಕಲಕಿದೆ. ಅರ್ಧದಷ್ಟು ಮಾಯ! ಬೀಡನ್ನು ಎತ್ತಿ ನೋಡಿದರೆ ಬಿಳಿ ಟೆಫ್ಲಾನ್ ಮೇಲೆ ಗೀರುಗಳು, ಗೀರುಗಳ ತುಂಬ ಕಪ್ಪು. ನನಗಿಂತ ಮೊದಲು ಯಾರೋ ಕಬ್ಬಿಣ ಸೇರಿಸಿದ ಮಾದರಿಗಳಿಗೆ ಬಳಸಿದ್ದ ಬೀಡ್ ಅದು. ಕಬ್ಬಿಣ ಕಂಡರೆ ಪೆರಾಕ್ಸೈಡ್ ಉಳಿಯುವುದಿಲ್ಲ. ಹೊಸ ಬೀಡ್ ತಂದೆ. ಮೂಲ ಕಾರ್ಬನ್ನನ್ನೂ ಮೊದಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯತೊಡಗಿದೆ, ಸ್ಟೀಲ್ ಚಮಚ ಬಿಟ್ಟು ಪ್ಲಾಸ್ಟಿಕ್ ಹಿಡಿದೆ. 80 ಮುಟ್ಟಿತು. ಇನ್ನುಳಿದದ್ದು ಎಲ್ಲಿ ಹೋಗುತ್ತಿದೆ ಅಂತ ತಲೆಕೆಡಿಸಿಕೊಂಡಿಲ್ಲ.

ಈ ಹುಡುಕಾಟದಲ್ಲಿ ಆ ಒಂದು ತೊಳೆತ ಬಿಟ್ಟರೆ ಮಸಿಯನ್ನು ಬದಲಿಸಿರಲಿಲ್ಲ ಅನ್ನುವುದು ಗಮನಿಸಿ. ಬಾಟಲಿಯ ಲೆಕ್ಕ, ಅಂದರೆ ನಿಜವಾಗಿ ಕೈಗೆ ಸಿಕ್ಕ ಪೆರಾಕ್ಸೈಡಿನ ಲೆಕ್ಕ ಕೊಡದೆ ಬರೀ ರಿಂಗಿನ ಲೆಕ್ಕ ಕೊಡುವ ಪ್ರಬಂಧ ಕಂಡರೆ ಈಗ ನನಗೆ ಅನುಮಾನ.

ಈಗ ಕರೆಂಟು ಹೆಚ್ಚಿಸುವ ಹೊತ್ತು. ನೀರಿನಲ್ಲಿ ಕರಗುವ ಆಮ್ಲಜನಕ ತೀರ ಕಮ್ಮಿ, ಲೀಟರಿಗೆ 1.2 ಮಿಲಿಮೋಲ್ ಆಸುಪಾಸು. ಅದನ್ನು ನಂಬಿಕೊಂಡರೆ ಮೆಡಿಕಲ್ ಶಾಪಿನ ಬಾಟಲಿ ದೂರವೇ ಉಳಿಯುತ್ತದೆ. ಹಾಗಾಗಿ ಒಂದು ಬದಿಯಿಂದ ನೇರವಾಗಿ ಗ್ಯಾಸ್ ಬಿಡುವ ಎಲೆಕ್ಟ್ರೋಡಿಗೆ ಹೋಗಿದ್ದೇನೆ. ಅದರ ಹಿಂಬದಿಗೆ ನೀರು ಜಿನುಗಬಾರದು ಅಂತ ಟೆಫ್ಲಾನ್ ಹಚ್ಚುತ್ತೇವೆ. ಆದರೆ ನಾನು ಇಷ್ಟು ಕಷ್ಟಪಟ್ಟು ನೀರನ್ನು ಒಪ್ಪಿಕೊಳ್ಳುವಂತೆ ಮಾಡಿದ ಮಸಿಯೇ ನೀರನ್ನು ಒಳಗೆ ಕರೆಯುತ್ತಿದೆ. ನಿನ್ನೆ ನಾಲ್ಕನೇ ಗಂಟೆಗೆ ಗ್ಯಾಸ್ ಪೈಪಿನಲ್ಲಿ ಹನಿ ಕಂಡಿತು. ಇವತ್ತು ಟೆಫ್ಲಾನ್ ಸ್ವಲ್ಪ ಜಾಸ್ತಿ ಹಾಕಿ ಒಲೆಯಲ್ಲಿಟ್ಟಿದ್ದೇನೆ.