ಹಳೆಯ ಹಾಯಿಯ ಹೊಟ್ಟೆ ಇಳಿಸಿದ ಬಗೆ

ಹಾಯಿ ಹರಿಯುವುದಕ್ಕಿಂತ ಬಹಳ ಮೊದಲೇ ಕೆಟ್ಟುಹೋಗಿರುತ್ತದೆ. ಬಟ್ಟೆ ಗಟ್ಟಿಯಾಗಿಯೇ ಕಾಣುತ್ತದೆ, ಹೊಲಿಗೆಗಳೂ ತಕ್ಕಮಟ್ಟಿಗೆ ನಿಂತಿರುತ್ತವೆ. ಆದರೆ ಗಾಳಿ ಸ್ವಲ್ಪ ಬಲವಾದೊಡನೆ ದೋಣಿ ಮುಂದೆ ಸಾಗುವ ಬದಲು ಮಗ್ಗುಲಿಗೆ ವಾಲತೊಡಗುತ್ತದೆ, ಚುಕ್ಕಾಣಿ ಕೈಗೆ ಭಾರವಾಗುತ್ತದೆ, ಗಾಳಿಗೆ ಎದುರಾಗಿ ಓರೆಯಲ್ಲಿ ಏರಬೇಕೆಂದರೆ ಮೊದಲಿನ ಕೋನ ಸಿಗುವುದಿಲ್ಲ. ನನ್ನ ದೋಣಿಯ ಮುಖ್ಯ ಹಾಯಿ ಈ ಸ್ಥಿತಿಗೆ ಬಂದಾಗ ಅದನ್ನು ಬದಿಗಿಡುವ ಬದಲು ಬಿಚ್ಚಿ, ಆಕಾರ ತಿದ್ದಿ, ಮತ್ತೆ ಹೊಲಿಯಲು ನಿರ್ಧರಿಸಿದೆ. ಹೊಲಿಗೆ ಯಂತ್ರದ ಅಭ್ಯಾಸ ನನಗೆ ಮೊದಲಿನಿಂದಲೂ ಇತ್ತು. ಆದರೆ ಈ ಕೆಲಸದಲ್ಲಿ ಹೊಲಿಗೆಯ ಪಾಲು ಕಡಿಮೆ. ಯಾವ ಅಂಚಿನಲ್ಲಿ ಎಷ್ಟು ಮಿಲಿಮೀಟರ್ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ತೀರ್ಮಾನಿಸುವುದರಲ್ಲೇ ಹೆಚ್ಚಿನ ಸಮಯ ಹೋಗುತ್ತದೆ.

ಹಾಯಿಯ ಆಕಾರ ಎಲ್ಲಿ ಅಡಗಿರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕಾಯಿತು. ಕೂವೆಗೆ, ಎಂದರೆ ಹಾಯಿ ಕಟ್ಟುವ ಕಂಬಕ್ಕೆ, ಸೇರಿಕೊಂಡಿರುವ ಮುಂದಿನ ಅಂಚು ಲಫ್, ಗಾಳಿ ಹೊರಬೀಳುವ ಹಿಂದಿನ ಅಂಚು ಲೀಚ್, ಕೂವೆಯಿಂದ ಹಿಂದಕ್ಕೆ ಚಾಚಿರುವ ಅಡ್ಡದಂಡವಾದ ಬೂಮಿನ ಉದ್ದಕ್ಕೂ ಇರುವ ಕೆಳಗಿನ ಅಂಚು ಫುಟ್. ಲಫ್ ನೇರ ಗೆರೆಯಾಗಿರುವುದಿಲ್ಲ. ನೆಲದ ಮೇಲೆ ಹಾಸಿ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ದಾರ ಎಳೆದು ನೋಡಿದರೆ ಬಟ್ಟೆ ದಾರದಿಂದ ಹೊರಗೆ ಬಿಲ್ಲಿನಂತೆ ಬಾಗಿರುತ್ತದೆ. ಈ ಬಾಗಿದ ಅಂಚನ್ನು ನೇರವಾದ ಕೂವೆಗೆ ಏರಿಸಿದಾಗ ಹೆಚ್ಚಿನ ಬಟ್ಟೆ ಹಿಂದಕ್ಕೆ ಸರಿದು ಹೊಟ್ಟೆಯಾಗುತ್ತದೆ. ಆಕಾರ ಕೊಡುವ ಇನ್ನೊಂದು ವಿಧಾನ, ಹಾಯಿಯನ್ನು ಮಾಡಿರುವ ಬಟ್ಟೆಯ ಪಟ್ಟಿಗಳ ನಡುವಿನ ಹೊಲಿಗೆಗಳಲ್ಲಿದೆ. ದರ್ಜಿ ಆಕಾರಕ್ಕಾಗಿ ಡಾರ್ಟ್ (ಹೊಲಿದ ಮಡಿಕೆ) ಹಿಡಿಯುವಂತೆ, ಎರಡು ಪಟ್ಟಿಗಳು ಒಂದರ ಮೇಲೊಂದು ಕೂರುವ ಅಗಲವನ್ನು ಹಾಯಿಯ ನಡುವಿನಲ್ಲಿ ಕಿರಿದಾಗಿ, ಅಂಚುಗಳ ಕಡೆಗೆ ತುಸು ಹಿರಿದಾಗಿ ಹಿಡಿದಿರುತ್ತಾರೆ. ಅಂಚು ಬಿಗಿದುಕೊಂಡಾಗ ನಡುಭಾಗ ಉಬ್ಬುತ್ತದೆ. ಲಫ್‌ನ ಬಾಗು ಎಷ್ಟು ಉಬ್ಬು ಎಂಬುದನ್ನು ಹೆಚ್ಚಾಗಿ ನಿರ್ಧರಿಸಿದರೆ, ಹೊಲಿಗೆಗಳ ಹಿಡಿತ ಆ ಉಬ್ಬು ಎಲ್ಲಿ ಕೂರಬೇಕು ಎಂಬುದನ್ನು ಹೆಚ್ಚಾಗಿ ನಿರ್ಧರಿಸುತ್ತದೆ. ಆಕಾರ ತಿದ್ದುವುದೆಂದರೆ ಈ ಎರಡರಲ್ಲಿ ಒಂದನ್ನೋ, ಎರಡನ್ನೂ ಒಟ್ಟಿಗೋ ಬದಲಿಸುವುದು.

ನನ್ನ ಹಾಯಿ ಡೇಕ್ರಾನ್‌ನದು, ಎಂದರೆ ನೇಯ್ದ ಪಾಲಿಯೆಸ್ಟರ್ ಬಟ್ಟೆಯದು. 1941ರಲ್ಲಿ ಬ್ರಿಟನ್ನಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಈ ಎಳೆಯನ್ನು ತಯಾರಿಸಿದರು; 1950ರ ದಶಕದಲ್ಲಿ ಅದು ಹಾಯಿಗಳಲ್ಲಿ ಹತ್ತಿಯ ಜಾಗವನ್ನು ಹಿಡಿಯಿತು. ಈ ಬಟ್ಟೆ ಹಾಸಿನ ದಿಕ್ಕಿನಲ್ಲಿಯೂ ಹೊಕ್ಕಿನ ದಿಕ್ಕಿನಲ್ಲಿಯೂ ಅಷ್ಟೇನೂ ಹಿಗ್ಗುವುದಿಲ್ಲ, ಆದರೆ ಓರೆಯಲ್ಲಿ ಎಳೆದರೆ ಹಿಗ್ಗುತ್ತದೆ. ಆ ಓರೆ ಹಿಗ್ಗನ್ನು ತಡೆಯಲು ನೇಯ್ಗೆಯ ಸಂದುಗಳಲ್ಲಿ ರಾಳವನ್ನು ತುಂಬಿ ಬಿಸಿಯಲ್ಲಿ ಒತ್ತಿರುತ್ತಾರೆ. ಹೊಸ ಹಾಯಿ ಕಾಗದದಂತೆ ಗರಗರ ಸದ್ದು ಮಾಡುವುದು ಇದರಿಂದಲೇ. ಹಾಯಿ ಪಟಪಟನೆ ಬಡಿದುಕೊಂಡಷ್ಟೂ, ಒರಟಾಗಿ ಮಡಚಿದಷ್ಟೂ ರಾಳ ಒಡೆದು ಹೋಗುತ್ತದೆ, ಬಟ್ಟೆ ಓರೆಯಲ್ಲಿ ಜಗ್ಗತೊಡಗುತ್ತದೆ. ಅಡ್ಡಪಟ್ಟಿಗಳ ಹಾಯಿಯಲ್ಲಿ ಹೊಕ್ಕಿನ ಎಳೆಗಳು ಲೀಚ್‌ಗೆ ಸಮಾನಾಂತರವಾಗಿ ಇರುವುದರಿಂದ ಲೀಚ್ ತನ್ನ ಉದ್ದವನ್ನು ಉಳಿಸಿಕೊಳ್ಳುತ್ತದೆ. ನಡುಭಾಗ ಮಾತ್ರ ಜೋಲುತ್ತದೆ. ಆಗ ಉಬ್ಬು ಆಳವಾಗುವುದಷ್ಟೇ ಅಲ್ಲ, ಹಿಂದಕ್ಕೂ ಸರಿಯುತ್ತದೆ, ಲೀಚ್ ಕೊಕ್ಕೆಯಂತೆ ಗಾಳಿಯ ಕಡೆಗೆ ಬಾಗುತ್ತದೆ. ದೋಣಿ ವಾಲುವುದಕ್ಕೂ ಚುಕ್ಕಾಣಿ ಭಾರವಾಗುವುದಕ್ಕೂ ಕಾರಣ ಇದು.

ಕತ್ತರಿ ಹಿಡಿಯುವ ಮೊದಲು ಈ ಹಾಯಿ ಅಷ್ಟು ಶ್ರಮಕ್ಕೆ ತಕ್ಕುದೇ ಎಂದು ಪರೀಕ್ಷಿಸಿದೆ. ಬಿಸಿಲಿಗೆ ಮೊದಲು ಸಾಯುವುದು ದಾರ, ಏಕೆಂದರೆ ಅದು ಬಟ್ಟೆಯ ಮೇಲೆ ಎದ್ದು ನಿಂತಿರುತ್ತದೆ. ಉಗುರಿನಿಂದ ಹೊಲಿಗೆಯನ್ನು ಕೆರೆದಾಗ ಲೀಚ್‌ನ ಕಡೆ ಅಲ್ಲಲ್ಲಿ ದಾರ ಪುಡಿಯಾಗಿ ಉದುರಿತು. ಅದಕ್ಕೆ ನಾನು ಚಿಂತಿಸಲಿಲ್ಲ, ಹೇಗಿದ್ದರೂ ಅಲ್ಲಿ ಬಿಚ್ಚಬೇಕಿತ್ತು. ಬಟ್ಟೆಯ ಪರೀಕ್ಷೆ ಬೇರೆ. ಬಿಸಿಲು ಹೆಚ್ಚು ತಿಂದಿರುವ ಲೀಚ್‌ನ ಮಡಿಕೆಯ ಪಕ್ಕದಲ್ಲಿ ದಪ್ಪ ಸೂಜಿಯನ್ನು ಚುಚ್ಚಿ, ಪಕ್ಕಕ್ಕೆ ಬಲವಾಗಿ ಎಳೆದು ನೋಡಿದೆ. ತೂತು ಅಷ್ಟಕ್ಕೇ ನಿಂತಿತು. ಅದು ಸೀಳಾಗಿ ಮುಂದುವರಿದಿದ್ದರೆ ಅಂಥ ಬಟ್ಟೆಗೆ ಹೊಲಿಗೆ ಹಾಕುವುದೆಂದರೆ ಹರಿಯಲು ಗೆರೆ ಹಾಕಿಕೊಟ್ಟಂತೆ. ಅಂಥ ಹಾಯಿಯನ್ನು ಕೈಬಿಡುವುದೇ ಸರಿ.

ಮುಂದಿನ ಹಂತ ಅಳತೆ. ಸಾಧಾರಣ ಗಾಳಿಯಲ್ಲಿ ಹಾಯಿ ಏರಿಸಿ, ಎಂದಿನಂತೆ ಬಿಗಿದು, ಬೂಮಿನ ನಡುಭಾಗದ ಕೆಳಗೆ ಮಲಗಿ ಮೇಲಕ್ಕೆ ಫೋಟೊ ತೆಗೆದೆ. ಹಾಯಿಯ ಎತ್ತರದ ಕಾಲು, ಅರ್ಧ ಮತ್ತು ಮುಕ್ಕಾಲು ಭಾಗಗಳಲ್ಲಿ ಲಫ್‌ನಿಂದ ಲೀಚ್‌ವರೆಗೆ ಮೊದಲೇ ಕಪ್ಪು ಟೇಪಿನ ಪಟ್ಟಿಗಳನ್ನು ಅಂಟಿಸಿದ್ದರಿಂದ ಚಿತ್ರದಲ್ಲಿ ಪ್ರತಿ ಎತ್ತರದ ಬಾಗು ಸ್ಪಷ್ಟವಾಗಿ ಕಾಣಿಸಿತು. ಪಟ್ಟಿಯ ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿದರೆ ಅದೇ ಜ್ಯಾ. ಅದರಿಂದ ಬಾಗಿನ ಅತಿ ಆಳದ ಬಿಂದುವಿಗೆ ಇರುವ ದೂರವನ್ನು ಜ್ಯಾದ ಶೇಕಡಾವಾರಾಗಿ ಲೆಕ್ಕ ಹಾಕಬೇಕು. ಮುಖ್ಯ ಹಾಯಿಯಲ್ಲಿ ಈ ಆಳ ಶೇ. 10ರಿಂದ 14ರ ಒಳಗೂ, ಆಳದ ಬಿಂದು ಲಫ್‌ನಿಂದ ಶೇ. 45-50ರ ಸುಮಾರಿನಲ್ಲೂ ಇದ್ದರೆ ಹಾಯಿ ಆರೋಗ್ಯವಾಗಿದೆ ಎನ್ನಬಹುದು. ನನ್ನದರಲ್ಲಿ ನಡು ಎತ್ತರದ ಆಳ ಶೇ. 15 ದಾಟಿತ್ತು, ಬಿಂದು ಅರ್ಧಕ್ಕಿಂತ ಸಾಕಷ್ಟು ಹಿಂದಿತ್ತು. ಕಣ್ಣಿನ ಅಂದಾಜನ್ನು ನಂಬಿ ಕೆಲಸ ಶುರುಮಾಡುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ. ಕೆಳಗಿನಿಂದ ನೋಡುವ ಕಣ್ಣಿಗೆ ಎಲ್ಲ ಹಾಯಿಯೂ ಚೆನ್ನಾಗಿಯೇ ಕಾಣುತ್ತದೆ.

ಉಬ್ಬು ಹಿಂದೆ ಸರಿದಿರುವುದಕ್ಕೆ ಬಟ್ಟೆಯೊಂದೇ ಕಾರಣ ಎಂದು ತಿಳಿಯುವಂತಿಲ್ಲ. ಲಫ್‌ನ ಅಂಚಿಗೆ ಹೊಲಿದ ಬಟ್ಟೆಯ ಟೇಪಿನೊಳಗೆ, ಕೂವೆಯ ಉದ್ದನೆಯ ತೋಡಿನಲ್ಲಿ ಜಾರುವ ಹಗ್ಗವೊಂದಿದೆ. ಅದು ವರ್ಷಗಳು ಕಳೆದಂತೆ ಕುಗ್ಗುತ್ತದೆ. ಹಗ್ಗ ಕುಗ್ಗಿದ ಮೇಲೆ ಹಾಯಿ ಏರಿಸುವ ಹಗ್ಗವನ್ನು ಎಷ್ಟು ಬಿಗಿದರೂ ಆ ಬಿಗಿ ಬಟ್ಟೆಗೆ ತಲುಪುವುದಿಲ್ಲ, ಏಕೆಂದರೆ ಒಳಗಿನ ಹಗ್ಗವೇ ಎಲ್ಲ ಭಾರವನ್ನೂ ಹೊತ್ತುಬಿಡುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ನೆಲದ ಮೇಲೆ ಲಫ್‌ನ ಎರಡು ತುದಿಗಳನ್ನು ಇಬ್ಬರು ಹಿಡಿದು ಎಳೆದಾಗ ಹಗ್ಗ ಸೆಟೆದು ನಿಂತರೂ ಅದರ ಪಕ್ಕದ ಬಟ್ಟೆ ಸಣ್ಣ ಸಣ್ಣ ನಿರಿಗೆಗಳಾಗಿ ಉಳಿದಿದ್ದರೆ ಹಗ್ಗ ಕುಗ್ಗಿದೆ ಎಂದು ಅರ್ಥ. ನನ್ನ ಹಾಯಿಯಲ್ಲಿ ಲಫ್‌ನ ಕೆಳಭಾಗದ ಉದ್ದಕ್ಕೂ ನಿರಿಗೆಗಳಿದ್ದವು. ಹಗ್ಗ ಟೇಪಿನೊಳಗೆ ಸಡಿಲವಾಗಿ ಕೂತು ತುದಿಗಳಲ್ಲಿ ಮಾತ್ರ ಕೈಹೊಲಿಗೆಯಿಂದ ಬಂಧಿತವಾಗಿತ್ತು. ಕೆಳತುದಿಯ ಆ ಹೊಲಿಗೆಯನ್ನು ಕತ್ತರಿಸಿ ಬಟ್ಟೆಯನ್ನು ಕೈಯಿಂದ ನೀವುತ್ತ ಕೆಳಕ್ಕೆ ಎಳೆದೆ. ಹಗ್ಗದ ತುದಿ ಟೇಪಿನೊಳಕ್ಕೆ ಬೆರಳುದ್ದಕ್ಕಿಂತ ಹೆಚ್ಚು ಮೇಲೆ ಸರಿಯಿತು, ನಿರಿಗೆಗಳು ಮಾಯವಾದವು. ಸೂಜಿಯನ್ನು ಒತ್ತಲು ಅಂಗೈಗೆ ಪಾಮ್ ಎಂಬ ಚರ್ಮದ ಪಟ್ಟಿ ಕಟ್ಟಿಕೊಂಡು, ಮೂರು ಮೂಲೆಯ ಸೂಜಿಯಲ್ಲಿ ಮೇಣ ಹಚ್ಚಿದ ದಾರ ಪೋಣಿಸಿ, ತುದಿಯನ್ನು ಹೊಸ ಜಾಗದಲ್ಲಿ ಮತ್ತೆ ಬಂಧಿಸಿದೆ. ಇಷ್ಟಕ್ಕೇ ಉಬ್ಬು ಎದ್ದು ಕಾಣುವಷ್ಟು ಮುಂದೆ ಬಂತು. ಹಳೆಯ ಹಾಯಿ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ; ಎಷ್ಟೋ ಹಾಯಿಗಳಿಗೆ ಇದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾಗುವುದಿಲ್ಲ.

ನನ್ನದಕ್ಕೆ ಬೇಕಿತ್ತು; ಬಿಂದು ಮುಂದೆ ಬಂದರೂ ಆಳ ಇಳಿದಿರಲಿಲ್ಲ. ಎಷ್ಟು ಬಟ್ಟೆ ತೆಗೆಯಬೇಕು ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ. ಆಳವನ್ನು ಜ್ಯಾದಿಂದ ಭಾಗಿಸಿ, ಬಂದದ್ದನ್ನು ವರ್ಗಮಾಡಿ, 8/3ರಿಂದ ಗುಣಿಸಿದರೆ ಬಾಗಿದ ಬಟ್ಟೆ ನೇರ ಗೆರೆಗಿಂತ ಎಷ್ಟು ಪಾಲು ಉದ್ದವಾಗಿದೆ ಎಂದು ತಿಳಿಯುತ್ತದೆ. ಜ್ಯಾ 3 ಮೀಟರ್ ಇರುವಲ್ಲಿ ಶೇ. 15 ಆಳಕ್ಕೆ 18 ಸೆಂಟಿಮೀಟರ್ ಹೆಚ್ಚುವರಿ ಬಟ್ಟೆ ಬೇಕು, ಶೇ. 12ಕ್ಕೆ ಸುಮಾರು 11.5 ಸಾಕು. ಹಾಗಾದರೆ 6.5 ಸೆಂಟಿಮೀಟರ್ ಹೆಚ್ಚಾಯಿತು. ಇದೆಲ್ಲವನ್ನೂ ಲಫ್‌ನಿಂದಲೇ ತೆಗೆದರೆ ಮುಂಭಾಗ ಮಾತ್ರ ಚಪ್ಪಟೆಯಾಗಿ ಉಳಿದ ಉಬ್ಬು ಮತ್ತೆ ಹಿಂದೆ ಕೂರುತ್ತದೆ. ಅದಕ್ಕಾಗಿ ಅರ್ಧದಷ್ಟನ್ನು ಲಫ್‌ನ ಬಾಗಿನಿಂದ ಇಳಿಸಿ, ಹಿಂಭಾಗವನ್ನು ಹೊಲಿಗೆಗಳ ಮೂಲಕ ಬಿಡಿಸಿಕೊಳ್ಳುವುದೆಂದು ತೀರ್ಮಾನಿಸಿದೆ. ಇದಕ್ಕೆ ಮೊದಲು ಕೂವೆ ನಿಜಕ್ಕೂ ನೇರವಾಗಿದೆಯೇ ಎಂದು ಅದರ ತುದಿಯಿಂದ ಬುಡಕ್ಕೆ ದಾರ ಬಿಗಿದು ನೋಡುವುದು ಅಗತ್ಯ. ಕೂವೆಯ ನಡು ಮುಂದಕ್ಕೆ ಬಾಗಿದ್ದರೆ ಆ ಬಾಗು ಲಫ್‌ನ ಬಟ್ಟೆಯನ್ನು ಈಗಾಗಲೇ ತಿನ್ನುತ್ತಿರುತ್ತದೆ, ಲೆಕ್ಕದಲ್ಲಿ ಅಷ್ಟನ್ನು ಕಳೆಯಬೇಕು.

ಲಫ್‌ನ ಕೆಲಸಕ್ಕೆ ಬೇಕಾದದ್ದು ನುಣುಪಾದ, ಸ್ವಚ್ಛವಾದ, ಹಾಯಿಗಿಂತ ದೊಡ್ಡದಾದ ನೆಲ. ಹಾಯಿಯನ್ನು ಸುಕ್ಕಿಲ್ಲದೆ ಹಾಸಿ, ಅಂಚಿನ ಸುತ್ತ ಭಾರ ಇಟ್ಟು, ಎರಡು ಮೂಲೆಗಳ ನಡುವೆ ದಾರ ಬಿಗಿದು, ಪ್ರತಿ 50 ಸೆಂಟಿಮೀಟರಿಗೆ ಒಮ್ಮೆ ದಾರದಿಂದ ಅಂಚಿಗಿರುವ ದೂರವನ್ನು ಬರೆದುಕೊಂಡೆ. ಹಳೆಯ ಬಾಗಿನ ಈ ದಾಖಲೆ ಇಲ್ಲದೆ ಟೇಪನ್ನು ಬಿಚ್ಚಲೇಬಾರದು. ಬಿಚ್ಚಿದ ಮೇಲೆ ಹೊಸ ದೂರಗಳಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟು, ಗಂಟಿಲ್ಲದ ತೆಳುವಾದ ಉದ್ದ ಮರದ ಪಟ್ಟಿಯನ್ನು ಆ ಚುಕ್ಕೆಗಳ ಮೇಲೆ ಬಗ್ಗಿಸಿ ಗೆರೆ ಎಳೆದೆ. ಚುಕ್ಕೆ ಮತ್ತು ಪಟ್ಟಿ ಒಪ್ಪದಿದ್ದಾಗ ಚುಕ್ಕೆಯನ್ನು ಬಿಟ್ಟು ಪಟ್ಟಿಯನ್ನು ನಂಬಬೇಕು, ಏಕೆಂದರೆ ಮರ ತಾನಾಗಿ ಬಾಗುವ ಗೆರೆಯಲ್ಲಿ ತಿರುವುಗಳಿರುವುದಿಲ್ಲ. ಆಮೇಲೆ ಕೆನ್ನೆಯನ್ನು ನೆಲಕ್ಕೆ ತಾಗಿಸಿ ಗೆರೆಯ ಉದ್ದಕ್ಕೂ ಒಂದೇ ಕಣ್ಣಿನಿಂದ ನೋಡಿದರೆ ನಿಂತು ನೋಡುವಾಗ ಕಾಣದ ಸಣ್ಣ ಉಬ್ಬುತಗ್ಗುಗಳೆಲ್ಲ ಕಾಣಿಸುತ್ತವೆ. ಮೂಲೆಗಳಲ್ಲಿ ಪದರ ಪದರವಾಗಿ ಬಲಪಡಿಸಿದ ತೇಪೆಗಳಿರುವುದರಿಂದ ಅಲ್ಲಿ ಹೊಸ ಗೆರೆ ಹಳೆಯದರೊಂದಿಗೆ ಸೇರುವಂತೆ ನೋಡಿಕೊಂಡೆ. ಮೂಲೆಯನ್ನು ಮುಟ್ಟಿದರೆ ಕೆಲಸ ಮೂರು ಪಟ್ಟಾಗುತ್ತದೆ. ಹೆಚ್ಚುವರಿ ಬಟ್ಟೆಯನ್ನು ಕತ್ತರಿಸದೆ ಒಳಕ್ಕೆ ಮಡಚಿ ಟೇಪಿನಡಿ ಉಳಿಸಿದೆ. ಟೇಪಿನ ಕೆಳಗೆ ಒಂದು ಪದರ ಹೆಚ್ಚಾಗುತ್ತದೆ, ನಿಜ, ಆದರೆ ಬೇಕೆಂದಾಗ ಮತ್ತೆ ಬಿಡಿಸಬಹುದು.

ಲೀಚ್‌ನ ಕಡೆಯ ಹೊಲಿಗೆಗಳು ಹೆಚ್ಚು ಸೂಕ್ಷ್ಮ. ಮೊದಲು ಲೀಚ್‌ನ ಮಡಿಕೆಯೊಳಗೆ ಓಡುವ ತೆಳು ದಾರವನ್ನು ಪೂರ್ತಿ ಸಡಿಲಿಸಿ, ಕೊಕ್ಕೆ ಅದರಿಂದಾದುದಲ್ಲ ಎಂದು ಖಚಿತಪಡಿಸಿಕೊಂಡೆ. ಅನಂತರ ಬಿಚ್ಚಬೇಕಾದ ಪ್ರತಿ ಹೊಲಿಗೆಯ ಮೇಲೆ ಎರಡೂ ಪಟ್ಟಿಗಳಿಗೆ ತಾಗುವಂತೆ ಗೇಣಿಗೊಂದು ಅಡ್ಡಗೆರೆ ಹಾಕಿದೆ. ಬಿಚ್ಚಿದ ಪಟ್ಟಿಗಳು ಉದ್ದಕ್ಕೆ ಸರಿದುಬಿಟ್ಟರೆ ಸರಿಯಾಗಿ ಕೂಡಿಸಲು ಈ ಗೆರೆಗಳ ಹೊರತು ಬೇರೆ ದಾರಿಯಿಲ್ಲ. ಲೀಚ್‌ನಿಂದ ಒಳಕ್ಕೆ ಜ್ಯಾದ ಮೂರನೆಯ ಒಂದು ಭಾಗದಷ್ಟು ದೂರ ಬಿಚ್ಚಿ, ಅಂಚಿನಲ್ಲಿ ಹಿಡಿತವನ್ನು 2 ಮಿಲಿಮೀಟರ್ ಬಿಟ್ಟು, ಒಳಗೆ ಹೋದಂತೆ ಅದನ್ನು ಸೊನ್ನೆಗೆ ತಂದೆ. ಆರು ಹೊಲಿಗೆಗಳಲ್ಲಿ ಹೀಗೆ ಮಾಡಿದರೆ ಲೀಚ್ ಒಟ್ಟು 12 ಮಿಲಿಮೀಟರ್ ಉದ್ದವಾಗುತ್ತದೆ. ಕೇಳಲು ಅತ್ಯಲ್ಪ, ಆದರೆ ಕೊಕ್ಕೆಯನ್ನು ಬಿಡಿಸಲು ಇಷ್ಟು ಸಾಕು, ಇನ್ನೂ ಬಿಟ್ಟರೆ ಲೀಚ್ ನಿಲ್ಲದೆ ಅದುರುತ್ತದೆ. ಒಂದೇ ಹೊಲಿಗೆಯಲ್ಲಿ 12 ಮಿಲಿಮೀಟರನ್ನೂ ಬಿಟ್ಟರೆ ಆ ಜಾಗದಲ್ಲಿ ಲೀಚ್ ಮುರಿದಂತೆ ಕಾಣುತ್ತದೆ. ಎಲ್ಲ ಹೊಲಿಗೆಗಳಿಗೂ ಹಂಚುವುದೇ ಈ ಕೆಲಸದ ಮರ್ಮ.

ಹೊಲಿಯುವ ಮೊದಲು ಪಟ್ಟಿಗಳನ್ನು ಎರಡೂ ಬದಿ ಅಂಟುವ ಕಿರಿದಾದ ಟೇಪಿನಿಂದ ಕೂಡಿಸಿದೆ. ಹಾಯಿಬಟ್ಟೆ ನುಣುಪಾಗಿರುವುದರಿಂದ ಗುಂಡುಪಿನ್ನಿನ ಉಪಾಯ ಇಲ್ಲಿ ನಡೆಯುವುದಿಲ್ಲ. ಝಿಗ್‌ಝ್ಯಾಗ್ ಹೊಲಿಗೆಯ ಗಟ್ಟಿಮುಟ್ಟಾದ ಮನೆಯಂತ್ರ ಎರಡು ಮೂರು ಪದರಗಳಿಗೆ ಸಾಕು. ಮೂಲೆಯ ತೇಪೆಗಳನ್ನು ಅದರ ಕೆಳಗೆ ತುರುಕಬಾರದು, ಅಲ್ಲಿ ಕೈಹೊಲಿಗೆಯೇ ಸರಿ. ದಾರ ಬಾಂಡೆಡ್ ಪಾಲಿಯೆಸ್ಟರ್, ವಿ-69 ದಪ್ಪದ್ದು, ಸೂಜಿ 110/18. ಅಂಟು ಸೂಜಿಗೆ ಮೆತ್ತಿಕೊಂಡಾಗ ಹೊಲಿಗೆ ತಪ್ಪುತ್ತದೆ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಆಗಾಗ ಒರೆಸಿದರೆ ಸರಿಹೋಗುತ್ತದೆ. ಯಂತ್ರದ ಕತ್ತಿನೊಳಗೆ ಹೋಗಬೇಕಾದ ಭಾಗವನ್ನು ಬಿಗಿಯಾಗಿ ಸುರುಳಿ ಸುತ್ತಿ ಕ್ಲಿಪ್ ಹಾಕಬೇಕು, ಸುರುಳಿಯ ಭಾರವನ್ನು ಹೊರಲು ಇನ್ನೊಬ್ಬರು ಬೇಕೇ ಬೇಕು. ಭಾರ ಸೂಜಿಯನ್ನು ಎಳೆದರೆ ಅದು ಬಾಗಿ ತಟ್ಟೆಗೆ ಬಡಿಯುತ್ತದೆ. ಬಿಳಿ ಹಾಯಿಗೆ ನಾನು ಬೇಕೆಂದೇ ನೀಲಿ ದಾರ ಬಳಸಿದೆ. ತಿದ್ದಿದ ಹೊಲಿಗೆ ಯಾವುದು, ಮೂಲದ್ದು ಯಾವುದು ಎಂದು ದೂರದಿಂದಲೇ ತಿಳಿಯುತ್ತದೆ, ದಾರ ಸವೆದರೂ ಬೇಗ ಕಣ್ಣಿಗೆ ಬೀಳುತ್ತದೆ. ಅಂದ ಕೆಟ್ಟಿತು ಎಂದವರಿದ್ದಾರೆ, ಇರಲಿ.

ಎಲ್ಲವನ್ನೂ ಪಕ್ಕಾ ಹೊಲಿಯುವ ಮೊದಲು, ಅಂಟಿನ ಟೇಪಿನ ಮೇಲೆ ಒಂದೇ ಸಾಲು ಹೊಲಿಗೆ ಹಾಕಿ, ಬಹಳ ಹಗುರವಾದ ಗಾಳಿಯಲ್ಲಿ ಹಾಯಿಯನ್ನು ಏರಿಸಿ ಅದೇ ಜಾಗದಿಂದ ಮತ್ತೆ ಫೋಟೊ ತೆಗೆದೆ. ಆಳ ಶೇ. 12ರ ಹತ್ತಿರಕ್ಕೆ ಇಳಿದಿತ್ತು, ಲೀಚ್ ಬಿಚ್ಚಿಕೊಂಡು ನೇರವಾಗಿ ನಿಂತಿತ್ತು. ಆಮೇಲೆ ಉಳಿದ ಸಾಲುಗಳನ್ನು ಹಾಕಿ ಮುಗಿಸಿದೆ. ಗಾಳಿ ಹೆಚ್ಚಿದಾಗ ಉಬ್ಬನ್ನು ಮುಂದಕ್ಕೆ ಎಳೆಯಲು ಲಫ್‌ನ ಕೆಳಭಾಗದಲ್ಲಿ ಕನಿಂಗ್‌ಹ್ಯಾಮ್ ಕಣ್ಣೊಂದನ್ನೂ, ಎಂದರೆ ಹಗ್ಗ ಪೋಣಿಸಿ ಲಫ್ ಅನ್ನು ಕೆಳಕ್ಕೆ ಬಿಗಿಯುವ ತೂತೊಂದನ್ನೂ, ಕೂಡಿಸಿದೆ. 1958ರಲ್ಲಿ ಕೊಲಂಬಿಯಾ ದೋಣಿಯನ್ನು ನಡೆಸಿ ಅಮೆರಿಕಾಸ್ ಕಪ್ ಹಾಯಿದೋಣಿ ಸ್ಪರ್ಧೆಯನ್ನು ಗೆದ್ದ ಬ್ರಿಗ್ಸ್ ಕನಿಂಗ್‌ಹ್ಯಾಮ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಹಗ್ಗ ಕುಗ್ಗಿದ್ದಾಗ ಈ ಕಣ್ಣು ಇದ್ದಿದ್ದರೂ ಅದನ್ನು ಎಳೆದು ಏನೂ ಆಗುತ್ತಿರಲಿಲ್ಲ. ಈಗ ಅದನ್ನು ಬಿಗಿದರೆ ಟೇಪಿನ ಪಟ್ಟಿಗಳ ಮೇಲೆ ಆಳದ ಬಿಂದು ಮುಂದೆ ಸರಿಯುವುದು ಕಾಣುತ್ತದೆ.

ಮುಂದಿನ ಜಿಬ್ ಹಾಯಿಗೆ ಇದೇ ಲೆಕ್ಕವನ್ನು ಹಾಗೆಯೇ ಹಚ್ಚುವಂತಿಲ್ಲ. ಅದರ ಲಫ್ ಕೂತಿರುವುದು ಕೂವೆಯಿಂದ ದೋಣಿಯ ಮೂತಿಗೆ ಬಿಗಿದ ತಂತಿಯ ಮೇಲೆ. ಗಾಳಿಯ ಒತ್ತಡಕ್ಕೆ ತಂತಿ ಹಿಂದಕ್ಕೂ ಗಾಳಿ ಹೋಗುವ ಮಗ್ಗುಲಿಗೂ ಜೋಲುತ್ತದೆ, ಆ ಜೋಲು ತಾನೇ ಹಾಯಿಗೆ ಉಬ್ಬನ್ನು ಕೂಡಿಸುತ್ತದೆ. ಅದಕ್ಕಾಗಿ ಅಲ್ಲಿ ಲಫ್‌ನ ಬಹುಪಾಲನ್ನು ಹೊರಕ್ಕೆ ಬಾಗಿಸದೆ ಒಳಕ್ಕೆ ತಗ್ಗಾಗಿ ಕತ್ತರಿಸಿರುತ್ತಾರೆ, ಆಳದ ಬಿಂದುವನ್ನೂ ಶೇ. 35-40ರ ಸುಮಾರಿಗೆ ಮುಂದಿಟ್ಟಿರುತ್ತಾರೆ. ನನ್ನ ಜಿಬ್ ಹಾಯಿಯಲ್ಲಿ ಕತ್ತರಿಗೆ ಕೈಹಾಕುವ ಮೊದಲು ಕೂವೆಯನ್ನು ಹಿಂದಕ್ಕೆ ಎಳೆದು ಹಿಡಿಯುವ ತಂತಿಯನ್ನು ಬಿಗಿದು ಮುಂದಿನದರ ಜೋಲನ್ನು ಕಡಿಮೆ ಮಾಡಿ ನೋಡಿದೆ, ಅಷ್ಟಕ್ಕೇ ಸಾಕಾಯಿತು. ಪದರಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಹಾಯಿಗಳಿಗೆ ಮಾತ್ರ ನಾನು ಕೈಹಾಕುವುದಿಲ್ಲ. ಅವು ಹಳತಾದಾಗ ಹಿಗ್ಗುವುದಕ್ಕಿಂತ ಹೆಚ್ಚಾಗಿ ಪದರ ಬಿಟ್ಟುಕೊಳ್ಳುತ್ತವೆ. ಬಿಟ್ಟ ಪದರವನ್ನು ಹೊಲಿಗೆ ಹಿಡಿದಿಡಲಾರದು.